ಬರ್ಮಿಂಗ್‌ಹ್ಯಾಮಿನ ಪತ್ರವೂ ಭದ್ರಾವತಿಯ ಪ್ರಶ್ನೆಯೂ

ಅಮೆರಿಕದ ಕಪ್ಪು ಜನರ ಸಮಾನತೆಯ ಹೋರಾಟ ಕನ್ನಡ ಸಭೆಗಳಿಗೆ ಅಪರಿಚಿತವಲ್ಲ. ನಮ್ಮ ಪ್ರಸಂಗಪೀಠಗಳಿಂದ ಅದು ಆಗಾಗ ಕೇಳಿಬರುತ್ತದೆ. ಸೆಮಿನರಿಯ ತರಗತಿಗಳಲ್ಲಿಯೂ ಅದಕ್ಕೊಂದು ಗೊತ್ತಾದ ಸ್ಥಾನವಿದೆ. 1955ರ ಡಿಸೆಂಬರ್ 1ರಂದು ಮಾಂಟ್‌ಗಮರಿಯ ಬಸ್ಸಿನಲ್ಲಿ ಬಿಳಿಯನಿಗೆ ಆಸನ ಬಿಟ್ಟುಕೊಡಲೊಪ್ಪದೆ ಬಂಧಿತರಾದ ರೋಸಾ ಪಾರ್ಕ್ಸ್, 381 ದಿನ ನಡೆದ ಬಸ್ ಬಹಿಷ್ಕಾರ, 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಜನರ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ, 1964ರ ನಾಗರಿಕ ಹಕ್ಕುಗಳ ಕಾಯಿದೆ, 1965ರ ಮತದಾನ ಹಕ್ಕಿನ ಕಾಯಿದೆ, 1968ರ ಏಪ್ರಿಲ್ 4ರಂದು ಮೆಂಫಿಸಿನಲ್ಲಿ ಹಾರಿದ ಗುಂಡು: ಕಥೆ ಬಹುಮಟ್ಟಿಗೆ ಈ ಕ್ರಮದಲ್ಲಿಯೇ ಸಾಗುತ್ತದೆ. ಮೊದಲಲ್ಲಿ ಅನ್ಯಾಯ, ನಡುವೆ ಅಹಿಂಸೆ, ಕೊನೆಯಲ್ಲಿ ಕಾಯಿದೆ ಮತ್ತು ರಕ್ತಸಾಕ್ಷಿಯ ಮರಣ. ಕೇಳಿದವರು ಕಣ್ಣೊರೆಸಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ನಮ್ಮ ತಕರಾರು ಈ ಸಮಾಧಾನದ ಬಗ್ಗೆ. ಈ ಕಥನದಲ್ಲಿ ಯಾವುದನ್ನು ಬಿಡಲಾಗಿದೆ ಎಂದು ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. 1963ರ ಏಪ್ರಿಲ್ 12, ಶುಭಶುಕ್ರವಾರದಂದು ಕಿಂಗ್ ಬರ್ಮಿಂಗ್‌ಹ್ಯಾಮಿನಲ್ಲಿ ಬಂಧಿತರಾದರು. ಅದೇ ದಿನ ಆ ರಾಜ್ಯದ ಎಂಟು ಮಂದಿ ಬಿಳಿಯ ಧರ್ಮಗುರುಗಳ ಹೇಳಿಕೆಯೊಂದು ಹೊರಬಿದ್ದಿತ್ತು. ಅವರಾರೂ ಕ್ರೂರಿಗಳಲ್ಲ, ಜನಾಂಗಭೇದವನ್ನು ಬಹಿರಂಗವಾಗಿ ಸಮರ್ಥಿಸುತ್ತಿದ್ದವರೂ ಅಲ್ಲ. ತಾಳ್ಮೆಯಿರಲಿ, ನ್ಯಾಯಾಲಯಗಳಿವೆ, ಬೀದಿಗಿಳಿಯುವುದು ಬೇಡ ಎಂಬುದಷ್ಟೇ ಅವರ ಬುದ್ಧಿವಾದ. ಅದಕ್ಕೆ ಉತ್ತರವಾಗಿ ಕಿಂಗ್ ಸೆರೆಮನೆಯಲ್ಲಿ, ಮೊದಲು ಪತ್ರಿಕೆಯ ಅಂಚಿನಲ್ಲಿ, ಆಮೇಲೆ ಸಿಕ್ಕ ಸಿಕ್ಕ ಹಾಳೆಗಳಲ್ಲಿ ಬರೆದದ್ದೇ ಏಪ್ರಿಲ್ 16ರ ದಿನಾಂಕವುಳ್ಳ ಪತ್ರ. ಕಪ್ಪು ಜನರ ಬಿಡುಗಡೆಗೆ ದೊಡ್ಡ ಅಡ್ಡಿ ಮುಖವಾಡ ಧರಿಸಿದ ಹಿಂಸಕನಿಗಿಂತಲೂ ನ್ಯಾಯಕ್ಕಿಂತ ಶಾಂತಿಯನ್ನು ಹೆಚ್ಚಾಗಿ ಪ್ರೀತಿಸುವ ಸಭ್ಯ ಕ್ರೈಸ್ತನಿರಬಹುದೇನೋ ಎಂಬ ಸಂಶಯವನ್ನು ಆ ಪತ್ರ ಬಿಚ್ಚಿ ಹೇಳುತ್ತದೆ. ಅಂದರೆ ಆ ಹೋರಾಟದ ದೈವಶಾಸ್ತ್ರೀಯವಾಗಿ ಅತ್ಯಂತ ಗಟ್ಟಿಯಾದ ಬರಹದ ವಿಳಾಸದಾರ ಸರ್ಕಾರವಲ್ಲ, ಸಭೆ. ವಾಷಿಂಗ್ಟನ್ನಿನ ಕನಸನ್ನು ಸಾರಿ ಬರ್ಮಿಂಗ್‌ಹ್ಯಾಮಿನ ಪತ್ರವನ್ನು ಬಿಟ್ಟುಬಿಡುವ ಪ್ರಸಂಗಿಯು ತನಗೆ ಬಂದ ಪತ್ರವನ್ನು ಒಡೆಯದೆ ಹಿಂದಿರುಗಿಸಿದವನಂತೆ.

ಕನಸಿನ ಭಾಷಣವಾಗಿ ಮೂರು ವಾರವೂ ತುಂಬಿರಲಿಲ್ಲ. ಸೆಪ್ಟೆಂಬರ್ 15ರ ಭಾನುವಾರ ಅದೇ ಬರ್ಮಿಂಗ್‌ಹ್ಯಾಮಿನ ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಬಾಂಬು ಸ್ಫೋಟಿಸಿ ಆರಾಧನೆಗೆ ಸಿದ್ಧರಾಗುತ್ತಿದ್ದ ನಾಲ್ವರು ಹುಡುಗಿಯರು ಸತ್ತರು. ಇದನ್ನೂ ನಮ್ಮ ಪ್ರಸಂಗಗಳು ವಿರಳವಾಗಿ ನೆನೆಯುತ್ತವೆ.

ಭದ್ರಾವತಿಯಲ್ಲಿಯೂ ಶಿವಮೊಗ್ಗದಲ್ಲಿಯೂ ಹೊಸಮನೆ ಎಂಬ ಬಡಾವಣೆಗಳಿವೆ. ಹೊಸಮನೆಯಲ್ಲಿದ್ದುಕೊಂಡು ಇದನ್ನು ಬರೆಯುತ್ತಿರುವ ನಮಗೆ ಆ ದೂರದ ಪತ್ರ ಅಷ್ಟೇನೂ ದೂರದ್ದೆನಿಸುವುದಿಲ್ಲ. ಈ ಜಿಲ್ಲೆಗೂ ಆ ಹೋರಾಟಕ್ಕೂ ಒಂದು ನೇರ ನಂಟೇ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಭೂಮಾಲೀಕರೆದುರು ಸತ್ಯಾಗ್ರಹಕ್ಕಿಳಿದಾಗ ಅವರಿಗೆ ಬೆಂಬಲವಾಗಿ ಬಂದು ಬಂಧನಕ್ಕೊಳಗಾದವರು ರಾಮಮನೋಹರ ಲೋಹಿಯಾ. ಅದೇ ಲೋಹಿಯಾ 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಊಟ ಕೊಡುವ ಹೋಟೆಲೊಂದಕ್ಕೆ ಪಂಚೆಯುಟ್ಟು ಹೋಗಿ ಪೊಲೀಸರ ವಶವಾದರು. ಗದ್ದೆಯ ಗೇಣಿಯೂ ಹೋಟೆಲಿನ ಮೇಜೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಆ ನಾಸ್ತಿಕನಿಗೆ ಕಂಡಿತು. ಕರ್ತನ ಭೋಜನದ ಮೇಜಿನ ಸುತ್ತ ಕೂಡುವ ನಮಗೆ ಆ ನಂಟು ಕಾಣಲು ಇಷ್ಟು ತಡವಾದದ್ದೇಕೆ?

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಹೆಚ್ಚಿನ ಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಹೊರಡಿಸಿದ ಸಚಿವರಿವರು. ಆ ಆಜ್ಞೆಗಿಂತ ಈ ಒಂದು ಪದ ನಾಡನ್ನು ಹೆಚ್ಚು ಕೆರಳಿಸಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಸಚಿವ ಪದವಿ ಬಿಡಬೇಕಾಯಿತು. ಇದನ್ನು ಭಾಷಾಭಿಮಾನದ ಗಲಾಟೆಯೆಂದು ತಳ್ಳಿಹಾಕುವುದು ಸುಲಭ. ನಮಗೆ ಅದು ವಿಮರ್ಶೆಯ ಒಂದು ಘಟನೆಯಾಗಿಯೇ ಕಾಣುತ್ತದೆ. ಒಂದು ಸಾಹಿತ್ಯವನ್ನು ಯಾರ ಹಸಿವಿನ ಮುಂದಿಟ್ಟು ತೂಗಬೇಕು ಎಂಬ ಪ್ರಶ್ನೆಯನ್ನು ಬಸವಲಿಂಗಪ್ಪನವರು ಒಂದೇ ಪದದಲ್ಲಿ, ಒರಟಾಗಿ, ಕೇಳಿದ್ದರು. ಪ್ರವಾದಿಗಳು ಸಭ್ಯವಾಗಿ ಮಾತನಾಡಿದವರಲ್ಲ. ಇಸ್ರಾಯೇಲ್ಯರ ಉತ್ಸವಗಳನ್ನೂ ಗಾಯನಗಳನ್ನೂ ಕುರಿತು ಆಮೋಸನು ಆಡಿದ ಮಾತುಗಳ ಮುಂದೆ ಬೂಸಾ ಎಂಬುದು ಮೃದುವೇ ಸರಿ.

ಈ ಗಲಭೆಯ ಬೆನ್ನಿಗೇ, 1970ರ ದಶಕದ ಮಧ್ಯಭಾಗದಲ್ಲಿ, ದಲಿತ ಸಂಘರ್ಷ ಸಮಿತಿ ಮೈದಳೆದದ್ದು ಭದ್ರಾವತಿಯಲ್ಲಿ. ಅದರ ಸಂಸ್ಥಾಪಕರಾದ ಪ್ರೊ. ಬಿ. ಕೃಷ್ಣಪ್ಪನವರು (1938–1997) ಹರಿಹರದಲ್ಲಿ ಹುಟ್ಟಿ ಈ ಊರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಅಧ್ಯಾಪಕರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರಿದು. ನಾನಾ ಕಡೆಗಳಿಂದ ದುಡಿಮೆಗೆ ಬಂದವರು ಇಲ್ಲಿ ಒಂದೇ ಪಾಳಿಯಲ್ಲಿ ದುಡಿದರು. ಒಂದೇ ಕುಲುಮೆಯ ಮುಂದೆ ನಿಂತವರು ಬೇರೆ ಬೇರೆ ಕೇರಿಗಳಿಗೆ ಹಿಂದಿರುಗುವುದನ್ನು ಇಲ್ಲಿ ದಿನವೂ ಕಾಣಬಹುದಿತ್ತು. ಸಮಿತಿಯ ಬೇಡಿಕೆಗಳು ಅಮೂರ್ತವಾಗಿರಲಿಲ್ಲ. ಹೆಂಡ ಬೇಡ, ಭೂಮಿ ಬೇಕು, ವಸತಿಶಾಲೆ ಬೇಕು ಎಂಬ ಕೂಗು ಕೇರಿಯ ಸಂಜೆಯೊಳಗಿನಿಂದಲೇ ಹುಟ್ಟಿದ್ದು. ಭದ್ರಾವತಿಯ ಬಳಿಯ ಚಂದನಕೆರೆಯ ಭೂಹೋರಾಟ ಅದೇ ಕೂಗಿನ ಮುಂದುವರಿಕೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ದೊರೆಯದಿದ್ದಾಗ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆದದ್ದನ್ನೂ ಇಲ್ಲಿ ನೆನೆಯಬೇಕು.

ಇಷ್ಟನ್ನು ಹೇಳಿದ ಮೇಲೆ ಎರಡು ಹೋರಾಟಗಳನ್ನು ಅಕ್ಕಪಕ್ಕ ಇಡುವ ಆಸೆ ಸಹಜ. ಆದರೆ ಹೋಲಿಕೆ ಮುರಿದು ಬೀಳುವ ಜಾಗವೇ ದೈವಶಾಸ್ತ್ರಕ್ಕೆ ಹೆಚ್ಚು ಮುಖ್ಯವೆಂದು ನಮ್ಮ ಅಭಿಪ್ರಾಯ. ಮಾಂಟ್‌ಗಮರಿಯ ಬಹಿಷ್ಕಾರವನ್ನು ಮುಂದುವರಿಸುವ ನಿರ್ಧಾರವಾದದ್ದು 1955ರ ಡಿಸೆಂಬರ್ 5ರ ಸಂಜೆ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ. ಕಪ್ಪು ಜನರಿಗೆ ಸಭೆಯೆಂಬುದು ತಮ್ಮದೇ ಮನೆಯಾಗಿತ್ತು. ಬಿಳಿಯರ ದೇವಾಲಯಗಳಲ್ಲಿ ಅವಮಾನಿತರಾಗಿ ಹೊರನಡೆದ ರಿಚರ್ಡ್ ಆಲನ್ ಮೊದಲಾದವರು 1816ರಷ್ಟು ಹಿಂದೆಯೇ ತಮ್ಮ ಸ್ವತಂತ್ರ ಮೆಥೊಡಿಸ್ಟ್ ಸಭೆಯನ್ನು ಕಟ್ಟಿಕೊಂಡಿದ್ದರು. ಹಾಡು, ಹಣ, ಮುಂದಾಳು, ಸೇರುವ ಜಾಗ, ಎಲ್ಲವೂ ಅಲ್ಲಿಂದಲೇ ಬಂದವು. ಭದ್ರಾವತಿಯ ಚಳವಳಿ ಬೆಳೆದದ್ದಾದರೋ ಸಭೆಯ ಹೊರಗೆ. ಅದರ ಮೂಲಗಳು ಅಂಬೇಡ್ಕರ್, ಲೋಹಿಯಾ, ಪೆರಿಯಾರ್. ಅದರ ಗೀತಸಂಪುಟವೆನ್ನಬಹುದಾದದ್ದು 1975ರ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರೂ ಕರಾವಳಿ ಮತ್ತು ಉತ್ತರದಲ್ಲಿ ಬಾಸೆಲ್ ಮಿಷನ್ನಿನವರೂ ಶಾಲೆ ತೆರೆದರು, ಅಚ್ಚುಕೂಟ ತೆರೆದರು. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್, ನಿಘಂಟಿನ ಕಿಟ್ಟೆಲ್ ಎಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಕನ್ನಡಕ್ಕೆ ಕ್ರೈಸ್ತರ ಕೊಡುಗೆಯೇನು ಎಂದು ನಾವು ಎಣಿಸುತ್ತಲೇ ಬಂದಿದ್ದೇವೆ. ಆ ಕನ್ನಡ ಯಾರದ್ದು ಎಂಬ ಬಸವಲಿಂಗಪ್ಪನವರ ಪ್ರಶ್ನೆಗೆ ಆ ಎಣಿಕೆಯಲ್ಲಿ ಉತ್ತರವಿಲ್ಲ.

ದಲಿತ ದೈವಶಾಸ್ತ್ರ ಈ ಕೊರತೆಯನ್ನು ತುಂಬಲಿಲ್ಲವೇ ಎಂದು ಕೇಳಬಹುದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೈವಶಾಸ್ತ್ರದ ಕಡೆಗೆ ಎಂಬ ಉಪನ್ಯಾಸ ನೀಡಿದಾಗ ನಮ್ಮ ನೆಲದಲ್ಲಿಯೇ ಹೊಸದೊಂದು ಆರಂಭವಾಯಿತೆಂಬುದು ನಿಜ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಅಲೆಮಾರಿ ಪೂರ್ವಜನ ಅರಿಕೆಯನ್ನು ದಲಿತರ ವಿಶ್ವಾಸಪ್ರಮಾಣವಾಗಿ ಓದಿದ ಅವರ ಕ್ರಮ ಇಂದಿಗೂ ಹಳತಾಗಿಲ್ಲ. ಆದರೂ ಆ ಮೊದಲ ತಲೆಮಾರಿನ ಬರಹಗಳು ಬಹುತೇಕ ಇಂಗ್ಲಿಷಿನಲ್ಲಿದ್ದವು. 1969ರಲ್ಲಿ ಮೊದಲ ಗ್ರಂಥ ಪ್ರಕಟಿಸಿದ ಜೇಮ್ಸ್ ಕೋನ್ ಅವರ ಕಪ್ಪು ದೈವಶಾಸ್ತ್ರದ ಚೌಕಟ್ಟು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚೌಕಟ್ಟು ತಂದದ್ದು ತಪ್ಪಲ್ಲ. ಕೋನ್ ತಮ್ಮ ಜನರ ಹಾಡುಗಳನ್ನು ದೈವಶಾಸ್ತ್ರದ ಆಕರವಾಗಿ ಓದಿದರು. 2011ರ ಗ್ರಂಥದಲ್ಲಿ ಕಪ್ಪು ಜನರನ್ನು ನೇತುಹಾಕಿ ಕೊಲ್ಲುತ್ತಿದ್ದ ಮರವನ್ನು ಶಿಲುಬೆಯ ಪಕ್ಕ ನಿಲ್ಲಿಸಿ, ರೈನ್‌ಹೋಲ್ಡ್ ನೀಬೂರ್ ಅವರಂಥ ಹಿರಿಯ ದೈವಶಾಸ್ತ್ರಜ್ಞರಿಗೂ ಆ ಸಾಮ್ಯ ಕಾಣಲಿಲ್ಲವೆಂದು ತೋರಿಸಿಕೊಟ್ಟರು. ಕೋನ್ ಅವರ ತೀರ್ಮಾನಗಳನ್ನು ಕಲಿತ ನಾವು ಅವರ ವಿಧಾನವನ್ನು ಕಲಿಯಲಿಲ್ಲ. ದೇವನೂರ ಮಹಾದೇವ ಅವರ ‘ದ್ಯಾವನೂರು’ 1973ರಲ್ಲಿಯೇ ಬಂದಿತ್ತು. ಅಂಥ ಕೃತಿಗಳನ್ನು ಸತ್ಯವೇದದ ಪಕ್ಕದಲ್ಲಿಟ್ಟು ಓದುವ ವ್ಯಾಖ್ಯಾನ ಪರಂಪರೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಓದದಿರುವುದರ ಅಪಾಯವನ್ನು ಚಂದ್ರಗುತ್ತಿಯ ಉದಾಹರಣೆಯಿಂದ ತಿಳಿಯಬಹುದು. ಸೊರಬ ತಾಲ್ಲೂಕಿನ ಆ ಕ್ಷೇತ್ರದಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ದಲಿತ ಸಂಘರ್ಷ ಸಮಿತಿ ವಿರೋಧಿಸಿತು. 1986ರ ಮಾರ್ಚಿನಲ್ಲಿ ಅಲ್ಲಿ ಗಲಭೆಯಾಗಿ ಕಾರ್ಯಕರ್ತರೂ ಪೊಲೀಸರೂ ಹಲ್ಲೆಗೊಳಗಾದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಕ್ರೈಸ್ತ ಓದುಗರಿಗೆ ಈ ಪ್ರಸಂಗ ಬಹಳ ಬೇಗ ಮೆಚ್ಚಿಗೆಯಾಗುತ್ತದೆ. ಅದು ಇನ್ನೊಬ್ಬರ ದೇವಾಲಯದ ವಿಷಯವಲ್ಲವೇ! ಬರ್ಮಿಂಗ್‌ಹ್ಯಾಮಿನ ಎಂಟು ಗುರುಗಳೂ ಬೇರೆ ದೇಶದ ಅನ್ಯಾಯವನ್ನು ಖಂಡಿಸಲು ಹಿಂದೆಗೆಯುತ್ತಿರಲಿಲ್ಲ. ಕೃಷ್ಣಪ್ಪನವರ ಸಂಗಾತಿಗಳು ತಮ್ಮದೇ ಜನರ ಭಕ್ತಿಯ ಎದುರು ನಿಲ್ಲುವ ಕಷ್ಟವನ್ನು ಎದುರಿಸಿದರೆಂಬುದೇ ಚಂದ್ರಗುತ್ತಿಯಲ್ಲಿ ನಾವು ಗಮನಿಸಬೇಕಾದ ಅಂಶ.

ನಮ್ಮ ಸ್ವಂತ ಮನೆಯ ವಿಷಯಕ್ಕೆ ಬಂದಾಗ ನಾವು ಗಲಾತ್ಯದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದ 28ನೆಯ ವಚನವನ್ನು ತೆರೆಯುತ್ತೇವೆ. ಪೌಲನು ದೀಕ್ಷಾಸ್ನಾನದ ಫಲವಾಗಿ ಹೇಳಿದ್ದನ್ನು ನಾವು ಆಗಿಹೋದ ಸಂಗತಿಯ ವರದಿಯೆಂಬಂತೆ ಓದುತ್ತೇವೆ: ಸಭೆಯಲ್ಲಿ ಜಾತಿಯಿಲ್ಲ, ಆದ್ದರಿಂದ ಜಾತಿಯ ಮಾತು ಬೇಡ. 1959ರಲ್ಲಿ ಭಾರತಕ್ಕೆ ಬಂದಿದ್ದ ಕಿಂಗ್, ತಿರುವನಂತಪುರದ ಶಾಲೆಯೊಂದರಲ್ಲಿ ತಮ್ಮನ್ನು ಅಮೆರಿಕದ ಅಸ್ಪೃಶ್ಯ ಬಂಧುವೆಂದು ಪರಿಚಯಿಸಲಾಯಿತೆಂದೂ ಮೊದಲು ಅದರಿಂದ ನೊಂದು, ಬಳಿಕ ತನ್ನ ಜನರ ಸ್ಥಿತಿಯನ್ನು ನೆನೆದು ಅದನ್ನು ಒಪ್ಪಿಕೊಂಡೆನೆಂದೂ 1965ರ ಪ್ರಸಂಗವೊಂದರಲ್ಲಿ ಹೇಳಿದರು. ಹೆಸರನ್ನು ಒಪ್ಪಿಕೊಂಡ ಮೇಲೆಯೇ ಅದರ ವಿರುದ್ಧ ಹೋರಾಡಲು ಅವರಿಗೆ ಸಾಧ್ಯವಾಯಿತು. ನಮ್ಮಲ್ಲಿ ಆ ಹೆಸರನ್ನು ಆರಾಧನೆಯಲ್ಲಿ ನಿರಾಕರಿಸಿ ಅರ್ಜಿಯಲ್ಲಿ ಕೇಳಲಾಗುತ್ತದೆ.

ಅರ್ಜಿಯ ಮಾತು ಸುಮ್ಮನೆ ಬಂದದ್ದಲ್ಲ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳ) ಆದೇಶದ 3ನೆಯ ಕಂಡಿಕೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ಕ್ರೈಸ್ತರು ಹೊರಗುಳಿದರು, ಕರ್ನಾಟಕದಲ್ಲಿ ಅವರಿಗೆ ದೊರೆತದ್ದು ಹಿಂದುಳಿದ ವರ್ಗಗಳ ಪ್ರವರ್ಗ 1. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತರು, ಇತರ ಆದಿದ್ರಾವಿಡ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆಯಂಗಡಿ ತಮಗೆ ಸಿಗದಿದ್ದಾಗ ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ತೀರ್ಪು ಅವರಿಗೆ ವಿರುದ್ಧವಾಯಿತು. ಮತಾಂತರದ ನಂತರವೂ ಜಾತಿ ಮುಂದುವರಿಯುತ್ತದೆಂದು ಹೇಳಿದರೆ ಸಾಲದು, ಹೊಸ ಧರ್ಮಸಮುದಾಯದೊಳಗೂ ಅದರ ದಬ್ಬಾಳಿಕೆ ಅಷ್ಟೇ ತೀವ್ರವಾಗಿ ಉಳಿದಿದೆಯೆಂಬುದಕ್ಕೆ ಪ್ರಮಾಣವಿರಬೇಕು, ಅಂಥ ಪ್ರಮಾಣ ತನ್ನ ಮುಂದಿಲ್ಲ ಎಂದಿತು ನ್ಯಾಯಾಲಯ. ಆ ಪ್ರಮಾಣ ಎಲ್ಲಿದೆಯೆಂಬುದು ನಮ್ಮ ಸಭಾಪಾಲಕರಿಗೆ ಗೊತ್ತಿಲ್ಲದ್ದಲ್ಲ. ಅದು ವಿವಾಹದ ದಾಖಲೆ ಪುಸ್ತಕಗಳಲ್ಲಿದೆ, ಸ್ಮಶಾನದ ಸಾಲುಗಳಲ್ಲಿದೆ, ಸಭಾಮಂಡಳಿಯ ಚುನಾವಣೆಗೆ ಮುಂಚಿನ ವಾರದ ಮಾತುಕತೆಗಳಲ್ಲಿದೆ. ಅದನ್ನು ನ್ಯಾಯಾಲಯದ ಮುಂದಿಡಬೇಕಾದ ಕೈಗಳೇ ಭಾನುವಾರ ರೊಟ್ಟಿ ಮುರಿಯುವ ಕೈಗಳು.