ಕೇಳಿದ ಮಾತು, ಕಂಡ ಸಾಕ್ಷ್ಯ

2023ರ ಜುಲೈ ತಿಂಗಳಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಆಶ್ರಮದಿಂದ ಕಾಣೆಯಾದ ಪೂಜ್ಯ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಪಾರ್ಥಿವ ಶರೀರವು ರಾಯಬಾಗ ತಾಲೂಕಿನ ಖಟಕಬಾವಿಯ ಕೊಳವೆಬಾವಿಯಲ್ಲಿ ದೊರೆಯಿತು. ನ್ಯಾಯಾಲಯಕ್ಕಿಂತ ಮೊದಲೇ ತೀರ್ಪಿತ್ತವರು ನಮ್ಮಲ್ಲಿ ಅನೇಕರು. “ಪೊಲೀಸರೆದುರು ಒಪ್ಪಿಕೊಂಡ ಮೇಲೆ ಇನ್ನೇತರ ಸಾಕ್ಷಿ?” ಎಂಬುದೇ ಅವರ ವಾದ.

ಈ ವಾದ ನಿಲ್ಲುವಂಥದಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಂತೆ ಪೊಲೀಸ್ ಅಧಿಕಾರಿಯೆದುರು ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಲ್ಲದು. ಆದರೆ ಅವನ ಮಾತಿನಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು 27ನೆಯ ಕಲಮು ಒಪ್ಪುತ್ತದೆ. ಒಬ್ಬನು ಸ್ಥಳ ತೋರಿಸಿದನೆಂದರೆ ಅದು ಅವನಿಗೆ ತಿಳಿದಿತ್ತೆಂದಾಯಿತು. ಕೊಂದವರಾರು, ಏಕೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಪರರು ಆಡದ್ದನ್ನು ಆಡಿದರೆಂದು ವಂಚನೆಗಾಗಿ ಬರೆಯುವುದೇ ಅದೆಂದು ಪೂಜ್ಯಪಾದರ ವ್ಯಾಖ್ಯಾನ. ಆರೋಪಿಯ ಬಾಯಲ್ಲಿ ತಮಗೆ ಬೇಕಾದ ಮಾತು ತುರುಕಿ ಹಂಚುವವರು ಇದನ್ನು ಬಲ್ಲರಷ್ಟೆ? ದುಃಖ ದೊಡ್ಡದು, ನಿಜ. ಆದರೆ ಸಾಕ್ಷಿಯು ತಾನು ಕಂಡದ್ದರೊಡನೆ ಊರ ಮಾತನ್ನೂ ಬೆರೆಸಿದರೆ, ಪಾಟೀಸವಾಲಿನಲ್ಲಿ ಕಂಡದ್ದೂ ಕುಸಿದೀತು. ಅದರ ಲಾಭ ದೊರೆಯುವುದು ಆರೋಪಿಗೇ.