ಪಹರೆಗೆ ನಿಂತ ಭೂತಗಳು

ಮಳಗಿ ಕಡೆಯಿಂದ ಮುಂಡಗೋಡಕ್ಕೆ ಬಂದು ಟಿಬೆಟಿಯನ್ ಕಾಲೊನಿಯ ಬೌದ್ಧ ಮಂದಿರ ನೋಡಿದವರು ಅಲ್ಲಿನ ಚಿತ್ರಗಳ ಮುಂದೆ ತಬ್ಬಿಬ್ಬಾಗುವುದುಂಟು. ಶಾಂತ ಬುದ್ಧನ ಆಸುಪಾಸಿನಲ್ಲೇ ಕೋರೆಹಲ್ಲು, ಉರಿಗಣ್ಣು, ತಲೆಬುರುಡೆಯ ಕಿರೀಟ. ಇವರು ರಾಕ್ಷಸರಲ್ಲ, ಧರ್ಮಪಾಲರು. ಅವರಲ್ಲಿ ಕೆಲವರು ಒಂದು ಕಾಲಕ್ಕೆ ರಾಕ್ಷಸರೇ ಆಗಿದ್ದರು ಎಂಬುದು ಈ ಪರಂಪರೆಯ ನಿಜವಾದ ಸ್ವಾರಸ್ಯ.

ದೇವರಿಗೆ ಎದುರು ನಿಂತ ಕ್ರೈಸ್ತರ ಲೂಸಿಫರ್, ಆದಮನಿಗೆ ತಲೆಬಾಗಲೊಪ್ಪದ ಇಸ್ಲಾಮಿನ ಇಬ್ಲೀಸ್: ಇವರಿಗೆ ಮರಳಿ ಏರುವ ದಾರಿ ಇಲ್ಲ. ಟಿಬೆಟಿಯನ್ ಬೌದ್ಧರಲ್ಲಿ ಸ್ವರ್ಗವಾಸಿ ದೇವತೆಗಳೆಲ್ಲ ಒಂದು ದಿನ ಬೀಳುವವರೇ. 1966ರಲ್ಲಿ ಮುಂಡಗೋಡದಲ್ಲಿ ನಿರಾಶ್ರಿತರು ನೆಲೆಯೂರಿದ ಬಳಿಕ ಟಿಬೆಟ್ಟಿನ ಡ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಇಲ್ಲಿ ಮತ್ತೆ ಎದ್ದವು. ಅಲ್ಲಿ ಇಂದಿಗೂ ಓದಿಸುವ ವಸುಬಂಧುವಿನ ಅಭಿಧರ್ಮಕೋಶದಲ್ಲಿ ದೇವಲೋಕಗಳ ವಿವರವಿದೆ. ಪುಣ್ಯ ತೀರಿದ ದೇವತೆಯ ಹೂಮಾಲೆ ಬಾಡುತ್ತದೆ, ಕಂಕುಳು ಬೆವರುತ್ತದೆ, ಬಟ್ಟೆ ಮಾಸುತ್ತದೆ, ಮೈ ನಾರುತ್ತದೆ, ಕೂತ ಪೀಠವೇ ಬೇಸರವಾಗುತ್ತದೆ. ದಂಗೆ ಏಳದೆಯೂ, ಯಾರೂ ಶಪಿಸದೆಯೂ ಬೀಳುವುದು. ಸ್ವರ್ಗದ ಸಾವನ್ನು ಬೆವರಿನ ವಾಸನೆಯವರೆಗೆ ಊಹಿಸಿದ ಈ ಕಲ್ಪನೆಯ ಎದುರು ನರಕದ ಬೆಂಕಿಯ ವರ್ಣನೆಗಳು ನನಗೆ ಸಪ್ಪೆ ಎನಿಸುತ್ತವೆ. ಅಸುರರ ಪತನದ ಪಾಲಿ ಕಥೆಯಂತೂ ಇನ್ನೂ ದಿಟ್ಟ: ಮೇರುವಿನ ಹಳೆಯ ನಿವಾಸಿಗಳು ಕುಡಿದು ಮೈಮರೆತಾಗ ದೇವರಾಜ ಶಕ್ರ ಅವರನ್ನು ಕೆಳಕ್ಕೆ ತಳ್ಳಿಸಿದ. ಬಿದ್ದವರ ಸಿಟ್ಟಿಗೂ ಕಾರಣವುಂಟೆಂದು ಕಥೆಯೇ ಒಪ್ಪಿಕೊಂಡಂತಿದೆ.

ಬಿದ್ದವರನ್ನು ಏನು ಮಾಡಬೇಕು? ಎಂಟನೆಯ ಶತಮಾನದಲ್ಲಿ ಪದ್ಮಸಂಭವ ಟಿಬೆಟ್ಟಿನ ಉಗ್ರಶಕ್ತಿಗಳನ್ನು ಕೊಲ್ಲದೆ ಆಣೆಗೆ ಕಟ್ಟಿದನೆಂಬುದು ಐತಿಹ್ಯ. ಹೀಗೆ ಪಳಗಿದ ಪೆಹಾರ್ ಸಮ್ಯೆ ಮಠದ ಕಾವಲುಗಾರನಾದ. ದಲೈ ಲಾಮಾ ಇಂದಿಗೂ ಸಲಹೆ ಕೇಳುವ ನೆಚುಂಗ್ ದೈವ ಆ ಪರಿವಾರದ್ದೇ. ಸ್ವಂತ ಮಗನನ್ನು ಕೊಂದು ಅವನ ಚರ್ಮವನ್ನೇ ಹೇಸರಗತ್ತೆಯ ಜೀನು ಮಾಡಿಕೊಂಡ ಲಂಕೆಯ ರಾಣಿ ಪಾಲ್ದೆನ್ ಲ್ಹಾಮೊ ಲ್ಹಾಸಾದ ರಕ್ಷಕಿಯಾದಳು. ಹೊಲದಂಚಿನ ಚೌಡಿಗೆ ಹೆದರುತ್ತಲೇ ಬೆಳೆ ಕಾಯಲು ಅವಳನ್ನೇ ನೆಚ್ಚುವ ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಯಾರನ್ನೂ ಶಾಶ್ವತವಾಗಿ ಕೈಬಿಡದ ಈ ಔದಾರ್ಯವೇ ಪರಂಪರೆಯ ದೊಡ್ಡತನ.

ತೊಡಕೂ ಅಲ್ಲೇ ಇದೆ. ರೂಪ ನೋಡಿ ಗುರುತಿಸುವಂತಿಲ್ಲ ಎಂದಮೇಲೆ ಆಣೆ ಉಳಿಸಿಕೊಂಡವರಾರು, ಮುರಿದವರಾರು ಎಂದು ಹೇಳುವವರು ಯಾರು? 17ನೇ ಶತಮಾನದ ಡ್ರೆಪುಂಗಿನ ಹಿರಿಯ ಲಾಮಾ ಡ್ರಾಕ್ಪಾ ಗ್ಯಾಲ್ತ್ಸೆನ್ ಐದನೆಯ ದಲೈ ಲಾಮಾ ಅವರ ಸಮಕಾಲೀನ. ಆತ ತೀರಿಕೊಂಡ ಮೇಲೆ ದೊರ್ಜೆ ಶುಗ್ದೆನ್ ಎಂಬ ಶಕ್ತಿಯಾದನೆಂದು ಅದರ ಆರಾಧಕರೂ ವಿರೋಧಿಗಳೂ ಹೇಳುತ್ತಾರೆ. ಭಕ್ತರಿಗೆ ಅದು ಈ ವಿಹಾರಗಳ ಗೆಲುಗ್ ಪಂಥದ ಶುದ್ಧಿಯನ್ನು ಕಾಯುವ ಧರ್ಮಪಾಲ. ಐದನೆಯ ದಲೈ ಲಾಮಾ ಅವರ ಕಣ್ಣಿಗೆ ದಾರಿ ತಪ್ಪಿದ ದುಷ್ಟಶಕ್ತಿ. ಈಗಿನ ದಲೈ ಲಾಮಾ ಹಿಂದೆ ತಾವೂ ಅದನ್ನು ಆರಾಧಿಸಿದ್ದವರು, ಆಮೇಲೆ ಬಿಟ್ಟರು. 1996ರಲ್ಲಿ ಆ ಆರಾಧನೆಯ ವಿರುದ್ಧ ಬಹಿರಂಗವಾಗಿ, ಖಡಾಖಂಡಿತವಾಗಿ ಮಾತಾಡಿದರು. ಅದು ಪಂಥಭೇದವನ್ನು ಬೆಳೆಸುತ್ತದೆ, ಬುದ್ಧನ ಮಾರ್ಗವನ್ನು ಭೂತಪೂಜೆಯ ಮಟ್ಟಕ್ಕಿಳಿಸುತ್ತದೆ ಎಂಬುದು ಅವರ ಆಕ್ಷೇಪ. 2008ರಲ್ಲಿ ಮುಂಡಗೋಡದ ಗಾಂದೆನ್ ವಿಹಾರದ ಶಾರ್ತ್ಸೆ ವಿಭಾಗದಿಂದ ಆರಾಧಕ ಭಿಕ್ಷುಗಳು ಬೇರ್ಪಟ್ಟು ಶಾರ್ ಗಾಂದೆನ್ ಎಂಬ ಪ್ರತ್ಯೇಕ ಮಠ ಮಾಡಿಕೊಂಡರು.

ಪಂಥಭೇದದ ಬಗ್ಗೆ ದಲೈ ಲಾಮಾ ಅವರ ಆತಂಕ ಸರಿಯೆಂದೇ ನನ್ನ ಎಣಿಕೆ. ಆದರೆ ಆರಾಧನೆಗೆ ತಡೆ ಜಾರಿಯಾದ ಬಗೆಯನ್ನು ಒಪ್ಪಲಾರೆ. ಒಂದು ಕಡೆ ದಲೈ ಲಾಮಾ ಅವರ ಮಾತು, ಇನ್ನೊಂದು ಕಡೆ ತಮಗೆ ದೀಕ್ಷೆ ಕೊಟ್ಟ ಗುರುವಿನ ಮಾತು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಭಿಕ್ಷುಗಳ ಸಂಕಟಕ್ಕೆ ತರ್ಕದಲ್ಲಿ ಉತ್ತರವಿರಲಿಲ್ಲ. ಚಪ್ಪಾಳೆ ತಟ್ಟಿ ಎದುರಾಳಿಯ ಪ್ರತಿ ವಾಕ್ಯಕ್ಕೂ ಕಾರಣ ಕೇಳುವ ವಾದಾಂಗಣ ಈ ವಿಹಾರಗಳ ಹೆಮ್ಮೆ. ಪ್ರಮಾಣವಾರ್ತಿಕ ಎಂಬ ತರ್ಕಗ್ರಂಥವನ್ನು ವರ್ಷಗಟ್ಟಲೆ ಓದಿದವರು ಈ ಒಂದು ಪ್ರಶ್ನೆಯನ್ನು ಗುರುವಾಕ್ಯಕ್ಕೂ ದೈವಪ್ರಶ್ನೆಗೂ ಬಿಟ್ಟುಕೊಟ್ಟರು. ಅದನ್ನು ಅದೇ ಅಂಗಳಕ್ಕೆ ತಂದು, ಸೋತವರೂ ಮಠದೊಳಗೇ ಉಳಿಯುವಂತೆ ವಾದಿಸಬೇಕಿತ್ತು.