ತ್ಯಾಗವೆ, ಬಲಿಯೆ? ‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಯುದ್ಧಕಥನ

ಇಂಗ್ಲಿಷು ‘ಸ್ಯಾಕ್ರಿಫೈಸ್’ ಎಂಬ ಒಂದೇ ಮಾತಿನಲ್ಲಿ ಅಡಗಿಸುವ ಎರಡು ಅರ್ಥಗಳನ್ನು ಕನ್ನಡವು ಎರಡು ಮಾತುಗಳಾಗಿ ಬೇರ್ಪಡಿಸಿ ಇಟ್ಟುಕೊಂಡಿದೆ. ತನ್ನದನ್ನು ತಾನೇ ಬಿಟ್ಟುಕೊಡುವುದು ತ್ಯಾಗ. ಇನ್ನೊಬ್ಬನನ್ನು ಹಿಡಿದು ಒಪ್ಪಿಸುವುದು ಬಲಿ. ಯುದ್ಧಕಾಲದಲ್ಲಿ ಮಾತ್ರ ಈ ಗೆರೆ ಅಳಿಸಿಹೋಗುತ್ತದೆ. ಅಳಿಸುವವರು ಸಾಮಾನ್ಯವಾಗಿ ರಾಜನೀತಿಜ್ಞರು. ಅಮೆರಿಕದಲ್ಲಿ ೧೯೯೩ರ ಜನವರಿಯಿಂದ ೧೯೯೯ರ ಜೂನ್‌ವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಎಂಬ ವಿಜ್ಞಾನಕಥಾ ಧಾರಾವಾಹಿಯು ಈ ಅಳಿಸುವಿಕೆಯನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡಿತು. ಆದಕಾರಣ ಅದು ನಕ್ಷತ್ರನೌಕೆಗಳ ಆಟವೆಂದು ತಳ್ಳಿಹಾಕತಕ್ಕ ಕೃತಿಯಲ್ಲ.

ಇಂಥ ವಸ್ತುವಿಗೆ ಕನ್ನಡ ವಿಮರ್ಶೆಯಲ್ಲಿ ಸ್ಥಳವಿದೆಯೆ ಎಂದು ಕೇಳುವವರಿಗೆ ವಿಕ್ರೋಳಿಯನ್ನು ತೋರಿಸಬಹುದು. ೧೯೫೧-೫೨ರ ಪ್ರಥಮ ಸಾರ್ವತ್ರಿಕ ಚುನಾವಣೆಗೆ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳನ್ನು ತಯಾರಿಸಿಕೊಟ್ಟದ್ದು ಇಲ್ಲಿಯ ಗೋದ್ರೇಜ್ ಕಾರ್ಖಾನೆ. ಅದೇ ಸಂಸ್ಥೆಯ ವಿಕ್ರೋಳಿಯ ಆವರಣದಲ್ಲಿಯೇ ಇಸ್ರೋ ರಾಕೆಟ್ಟುಗಳ ವಿಕಾಸ್ ಇಂಜಿನ್ನುಗಳೂ ರೂಪುಗೊಂಡಿವೆ. ಮತಪೆಟ್ಟಿಗೆ ಮತ್ತು ಆಕಾಶಯಾನ ಎರಡನ್ನೂ ಕಂಡ ಊರಿನ ವಾಚಕನಿಗೆ, ಆಕಾಶಕ್ಕೆ ಹಾರಿದ ಮನುಷ್ಯನು ಮತಪೆಟ್ಟಿಗೆಯನ್ನು ಏನು ಮಾಡಿದನೆಂಬ ಪ್ರಶ್ನೆ ಪರಕೀಯವಾಗಲಾರದು. ದೂರದರ್ಶನದಲ್ಲಿ ೧೯೯೮ರಲ್ಲಿ ಬಂದ ಕೇತನ್ ಮೆಹತಾ ಅವರ ‘ಕ್ಯಾಪ್ಟನ್ ವ್ಯೋಮ್’ ಈ ಪ್ರಶ್ನೆಯ ಹತ್ತಿರ ಸುಳಿಯಲಿಲ್ಲ. ಅದು ಅಪರಾಧಿಗಳ ಬೆನ್ನಟ್ಟುವ ಸಾಹಸಕಥೆಯಾಗಿ ತೃಪ್ತವಾಯಿತು.

ಕಥೆಯ ಹಂದರ ಇಷ್ಟು. ಭೂಮಿಯನ್ನು ಒಳಗೊಂಡ ಅನೇಕ ಲೋಕಗಳ ಒಕ್ಕೂಟವೊಂದಿದೆ. ಅದಕ್ಕೆ ‘ಫೆಡರೇಶನ್’ ಎಂದು ಹೆಸರು. ಹಸಿವು, ದಾರಿದ್ರ್ಯ, ಲೋಭಗಳನ್ನು ಗೆದ್ದೆವೆಂಬುದು ಅದರ ಹೆಮ್ಮೆ. ಐವತ್ತು ವರ್ಷ ಕಾರ್ಡೇಸಿಯದ ದಾಸ್ಯದಲ್ಲಿ ನಲುಗಿ ಆಗತಾನೆ ಬಿಡುಗಡೆಗೊಂಡ ಬೇಜೋರ್ ಎಂಬ ಲೋಕದ ಬಳಿ, ಅದೇ ಕಾರ್ಡೇಸಿಯದವರು ಕಟ್ಟಿ ಬಿಟ್ಟುಹೋದ ಆಕಾಶಠಾಣ್ಯಕ್ಕೆ ಬೆಂಜಮಿನ್ ಸಿಸ್ಕೊ ಅಧಿಪತಿಯಾಗಿ ಬರುತ್ತಾನೆ. ದೂರದ ನಕ್ಷತ್ರಮಂಡಲದಿಂದ ‘ಡೊಮಿನಿಯನ್’ ಎಂಬ ಸಾಮ್ರಾಜ್ಯವು ದಂಡೆತ್ತಿ ಬರುತ್ತದೆ. ಅದರ ಅಧಿದೈವಗಳು ಬೇಕಾದ ರೂಪ ಧರಿಸಬಲ್ಲ ಕಾಮರೂಪಿಗಳು, ಮಂತ್ರಿಗಳು ‘ವೋರ್ಟಾ’ಗಳು, ಸೈನಿಕರು ಯುದ್ಧಕ್ಕೆಂದೇ ಸೃಷ್ಟಿಸಲ್ಪಟ್ಟು, ಒಂದು ಮಾದಕದ್ರವ್ಯದ ಹಂಗಿನಲ್ಲಿ ಕಟ್ಟುಬಿದ್ದ ‘ಜೆಮ್ ಹಡಾರ್’ಗಳು.

ಯುದ್ಧ ಆರಂಭವಾಗುವುದಕ್ಕೆ ಮೊದಲೇ, ೧೯೯೬ರ ಜನವರಿಯಲ್ಲಿ ಪ್ರಸಾರವಾದ ಜೋಡಿಕಂತುಗಳಲ್ಲಿ (‘ಹೋಮ್‌ಫ್ರಂಟ್’, ‘ಪ್ಯಾರಡೈಸ್ ಲಾಸ್ಟ್’) ಧಾರಾವಾಹಿಯು ತನ್ನ ಮೊದಲ ಗಂಭೀರ ಮಾತನ್ನು ಆಡುತ್ತದೆ. ಕಾಮರೂಪಿಗಳ ಭಯದಿಂದ ಭೂಮಿಯ ದಂಡನಾಯಕ ಲೇಟನ್ನನು ಇಡೀ ಭೂಮಿಯ ವಿದ್ಯುತ್ತನ್ನು ತನ್ನ ಸೈನಿಕ ವಿದ್ಯಾರ್ಥಿಗಳಿಂದಲೇ ಕಡಿತಗೊಳಿಸಿ, ಅದು ಶತ್ರುಕೃತ್ಯವೆಂದು ಹೇಳಿ, ಬೀದಿಗಳಲ್ಲಿ ಸೈನ್ಯವನ್ನು ಇಳಿಸುತ್ತಾನೆ. ೧೯೭೫ರ ಜೂನ್ ೨೫ರ ರಾತ್ರಿ ದೆಹಲಿಯ ಪತ್ರಿಕಾಲಯಗಳಿಗೆ ವಿದ್ಯುತ್ತು ನಿಂತು, ಮರುದಿನ ಬೆಳಿಗ್ಗೆ ತುರ್ತುಪರಿಸ್ಥಿತಿಯ ಘೋಷಣೆಯನ್ನು ರೇಡಿಯೋದಲ್ಲಿ ಕೇಳಿದ ತಲೆಮಾರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ಕಾಮರೂಪಿಯ ರಕ್ತವು ದೇಹದಿಂದ ಹೊರಬಿದ್ದೊಡನೆ ತನ್ನ ನಿಜರೂಪಕ್ಕೆ ಮರಳುತ್ತದೆಂಬ ನಂಬಿಕೆಯಿಂದ ಎಲ್ಲರ ರಕ್ತಪರೀಕ್ಷೆ ನಡೆಯತೊಡಗುತ್ತದೆ. ಖಾನಾವಳಿ ನಡೆಸುವ ಸಿಸ್ಕೊನ ವೃದ್ಧ ತಂದೆ ಮಾತ್ರ ಅದಕ್ಕೆ ಒಪ್ಪುವುದಿಲ್ಲ. ಅಡಿಗೆಮನೆಯ ಚೂರಿ ತಗುಲಿ ಆತನ ಕೈಯಿಂದ ರಕ್ತ ಸೋರಿದಾಗ, ಮಗನ ಕಣ್ಣು ತಂದೆಯ ಮುಖವನ್ನು ಬಿಟ್ಟು ಆ ಹನಿಯ ಮೇಲೆ ನೆಡುತ್ತದೆ. ಮುದುಕನು ಅದನ್ನು ಕಂಡುಬಿಡುತ್ತಾನೆ. ಇಡೀ ಧಾರಾವಾಹಿಯ ಸೇನಾಸಂಚಲನಗಳೆಲ್ಲ ಸೇರಿದರೂ ಈ ಒಂದು ನೋಟದ ತೂಕಕ್ಕೆ ಬರುವುದಿಲ್ಲ.

ಆದರೆ ಲೇಟನ್ನನ ಪ್ರಸಂಗದಲ್ಲಿ ಸಿಸ್ಕೊ ನಿರ್ಮಲನಾಗಿಯೇ ಉಳಿಯುತ್ತಾನೆ. ಎರಡು ವರ್ಷಗಳ ಅನಂತರ, ೧೯೯೮ರ ಏಪ್ರಿಲಿನಲ್ಲಿ ಬಂದ, ಮೈಕೆಲ್ ಟೇಲರರ ಹೆಸರಿನಲ್ಲಿ ಚಿತ್ರಕಥೆಯಿರುವ ‘ಇನ್ ದ ಪೇಲ್ ಮೂನ್‌ಲೈಟ್’ ಎಂಬ ಕಂತಿನಲ್ಲಿ ಆ ನಿರ್ಮಲತೆಯೂ ಹೋಗುತ್ತದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಠಾಣ್ಯದಲ್ಲಿ ಮಡಿದವರ, ಕಾಣೆಯಾದವರ ಪಟ್ಟಿಯನ್ನು ಸಿಸ್ಕೊ ಅಂಟಿಸಬೇಕು. ಪಟ್ಟಿ ಬೆಳೆಯುತ್ತಿದೆ. ಡೊಮಿನಿಯನ್ನಿನೊಡನೆ ಅನಾಕ್ರಮಣ ಒಪ್ಪಂದ ಮಾಡಿಕೊಂಡು ತಟಸ್ಥರಾಗಿ ಕುಳಿತಿರುವ ರೋಮ್ಯುಲನ್ನರನ್ನು ಯುದ್ಧಕ್ಕೆ ಎಳೆದರಷ್ಟೆ ಒಕ್ಕೂಟ ಉಳಿದೀತು. ಅದಕ್ಕಾಗಿ ಆತ ಗ್ಯಾರಕ್ ಎಂಬವನ ಮೊರೆಹೋಗುತ್ತಾನೆ. ಇವನು ಕಾರ್ಡೇಸಿಯದ ದೇಶಭ್ರಷ್ಟ ಗೂಢಚಾರ. ಠಾಣ್ಯದಲ್ಲಿ ಅವನ ವೃತ್ತಿ ದರ್ಜಿಯ ಕೆಲಸ! ನಿಜವಾದ ಸಾಕ್ಷ್ಯ ದೊರೆಯದಾಗ, ಡೊಮಿನಿಯನ್ನು ರೋಮ್ಯುಲನ್ನರ ಮೇಲೆ ಏರಿಹೋಗುವ ಹಂಚಿಕೆಯಲ್ಲಿದೆಯೆಂಬ ಕೃತಕ ಸಾಕ್ಷ್ಯವೊಂದನ್ನು, ಮರಣದಂಡನೆಯಿಂದ ಬಿಡಿಸಿ ತಂದ ಕೂಟಲೇಖಕನಿಂದ ಸೃಷ್ಟಿಸುತ್ತಾರೆ. ರೋಮ್ಯುಲಸ್ಸಿನ ಸೆನೆಟರ್ ವ್ರೀನಕ್ಕನು ಗುಟ್ಟಾಗಿ ಬಂದು ಪರೀಕ್ಷಿಸಿ ಮೋಸವನ್ನು ಹಿಡಿದುಬಿಡುತ್ತಾನೆ. ಹಿಂದಿರುಗುವ ದಾರಿಯಲ್ಲಿ ಅವನ ನೌಕೆ ಸಿಡಿಯುತ್ತದೆ. ಸಿಡಿಸಿದವನು ಗ್ಯಾರಕ್, ಕೂಟಲೇಖಕನನ್ನೂ ಅವನೇ ಮುಗಿಸಿದ್ದಾನೆ. ಒಡೆದ ನೌಕೆಯಲ್ಲಿ ಸಿಕ್ಕ ಸಾಕ್ಷ್ಯದ ದೋಷಗಳೆಲ್ಲ ಸ್ಫೋಟದ ಫಲವೆಂದು ರೋಮ್ಯುಲನ್ನರು ನಂಬಿ ಯುದ್ಧ ಸಾರುತ್ತಾರೆ.

ಇಲ್ಲಿ ಕನ್ನಡ ವಾಚಕನಿಗೆ ಚಾಣಕ್ಯನ ನೆನಪಾಗದಿರದು. ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕಥೆಯನ್ನು ಕೆಂಪುನಾರಾಯಣನು ೧೮೨೩ರಲ್ಲಿ ‘ಮುದ್ರಾಮಂಜೂಷ’ವಾಗಿ ಕನ್ನಡ ಗದ್ಯಕ್ಕೆ ತಂದನಷ್ಟೆ. ಅಲ್ಲಿಯೂ ಕೂಟಲೇಖನವೇ ಆಯುಧ: ಅಮಾತ್ಯ ರಾಕ್ಷಸನ ಮುದ್ರೆಯುಂಗುರದಿಂದ ಒತ್ತಿದ ಪತ್ರವೊಂದು ಮಲಯಕೇತುವಿನ ಮನಸ್ಸನ್ನು ಒಡೆಯುತ್ತದೆ; ಮಿತ್ರರಾಜರು ಐವರು ಅನ್ಯಾಯವಾಗಿ ಸಾಯುತ್ತಾರೆ. ಆದರೆ ಚಾಣಕ್ಯನ ಬಲೆ ಕೊನೆಯಲ್ಲಿ ಒಂದು ನಿಜವಾದ ತ್ಯಾಗದ ಎದುರಿಗೆ ಬಂದು ನಿಲ್ಲುತ್ತದೆ. ಸ್ನೇಹಿತನಾದ ರಾಕ್ಷಸನ ಸಂಸಾರವನ್ನು ಒಪ್ಪಿಸೆನೆಂದು ಚಂದನದಾಸನು ಶೂಲಕ್ಕೆ ನಡೆಯುತ್ತಾನೆ. ಅವನನ್ನು ಉಳಿಸಲು ರಾಕ್ಷಸನು ತನ್ನ ಛಲವನ್ನೇ ಬಿಟ್ಟುಕೊಡುತ್ತಾನೆ. ತಂತ್ರದ ಕಥೆಯ ಒಳಗೆ ತಂತ್ರಕ್ಕೆ ಬಗ್ಗದ ಒಬ್ಬ ಮನುಷ್ಯನಿದ್ದಾನೆ. ಸಿಸ್ಕೊನ ಕಥೆಯಲ್ಲಿ ಚಂದನದಾಸನಿಲ್ಲ. ಪ್ರತಿಭಟಿಸಿದ ವೈದ್ಯನು ಪ್ರತಿಭಟನೆಯನ್ನು ಬರೆದಿಟ್ಟು ಸುಮ್ಮನಾಗುತ್ತಾನೆ. ಚೂರಿಯಿಂದ ತಿವಿಸಿಕೊಂಡ ಪಾನಗೃಹದ ಮಾಲೀಕ ಕ್ವಾರ್ಕನು ಲಂಚ ತೆಗೆದುಕೊಂಡು ನಗುತ್ತಾನೆ. ಈ ಕೊರತೆಯನ್ನು ಲೇಖಕರು ತಿಳಿದೇ ಇಟ್ಟಿದ್ದಾರೆ. ಯುದ್ಧದಲ್ಲಿ ಎಲ್ಲರಿಗೂ ಒಂದು ಬೆಲೆಯಿದೆಯೆಂಬುದು ಅವರ ಸಿದ್ಧಾಂತ.

ಇದಕ್ಕಿಂತಲೂ ಹತ್ತಿರದ ಸಾದೃಶ್ಯ ದ್ರೋಣವಧೆಯದು. ಅಶ್ವತ್ಥಾಮನ ಮಾತಿನ ವರೆಗೆ ಧರ್ಮರಾಯನ ರಥವು ನೆಲಕ್ಕೆ ನಾಲ್ಕು ಅಂಗುಲ ಮೇಲೆ ಚಲಿಸುತ್ತಿತ್ತು. ಸುಳ್ಳು ಬಾಯಿಂದ ಹೊರಟೊಡನೆ ನೆಲ ಮುಟ್ಟಿತು ಎಂದು ವ್ಯಾಸಭಾರತ ಹೇಳುತ್ತದೆ. ಮುಂಬಯಿಯಲ್ಲೇ ತಯಾರಾಗಿ ೧೯೮೮ರಿಂದ ೧೯೯೦ರ ವರೆಗೆ ರವಿವಾರಗಳಂದು ದೇಶವನ್ನೇ ಕಟ್ಟಿಕೂರಿಸಿದ ಬಿ. ಆರ್. ಚೋಪ್ರಾ ಅವರ ಧಾರಾವಾಹಿಯಿಂದ ಮಕ್ಕಳಿಗೂ ಆ ಅರ್ಧಸತ್ಯದ ಪ್ರಸಂಗ ಪರಿಚಿತ. ಒಕ್ಕೂಟವು ಧರ್ಮರಾಯನ ರಥವೇ ಸರಿ. ಮೂವತ್ತು ವರ್ಷ, ‘ಸ್ಟಾರ್ ಟ್ರೆಕ್’ ಎಂಬ ಹೆಸರಿನ ಹಿಂದಿನ ಧಾರಾವಾಹಿಗಳಲ್ಲೆಲ್ಲ, ಅದು ನೆಲ ಮುಟ್ಟದೆ ಓಡಿತ್ತು. ಸಿಸ್ಕೊ ಅದನ್ನು ಮುಟ್ಟಿಸಿದನು.

ಸಾದೃಶ್ಯ ಮುಗಿಯುವ ಸ್ಥಳವೇ ವಿಚಾರಣೀಯವಾದುದು. ಭಾರತದಲ್ಲಿ ಆ ಸುಳ್ಳಿಗೆ ಲೆಕ್ಕವಿದೆ. ಧರ್ಮರಾಯನು ಸ್ವರ್ಗಾರೋಹಣದಲ್ಲಿ ನರಕವನ್ನು ಕಣ್ಣಾರೆ ಕಂಡೇ ತೀರಬೇಕು. (ಕುಮಾರವ್ಯಾಸನು ಹತ್ತು ಪರ್ವಗಳಿಗೆ ಕೈಮುಗಿದುದರಿಂದ, ಆ ಪ್ರಸಂಗವನ್ನು ಓದಲು ಕನ್ನಡಿಗನು ತಿಮ್ಮಣ್ಣಕವಿಯ ವರೆಗೆ ಹೋಗಬೇಕಾಗುತ್ತದೆ.) ಸಿಸ್ಕೊ ತನ್ನ ಅಪರಾಧವನ್ನೆಲ್ಲ ಖಾಸಗಿ ದಿನಚರಿಯಲ್ಲಿ ಯಂತ್ರದೆದುರು ಒಪ್ಪಿಕೊಳ್ಳುತ್ತಾನೆ, ತಾನು ಇದರೊಂದಿಗೆ ಬದುಕಬಲ್ಲೆನೆಂದು ತನಗೇ ಹೇಳಿಕೊಳ್ಳುತ್ತಾನೆ, ಕೊನೆಗೆ ಆ ದಿನಚರಿಯನ್ನೇ ಅಳಿಸಿಹಾಕುತ್ತಾನೆ. ಏವರಿ ಬ್ರೂಕ್ಸರ ಅಭಿನಯದಲ್ಲಿ ಆ ಕೊನೆಯ ಮಾತಿಗೆ ಎರಡು ಧ್ವನಿಗಳಿವೆ. ಮೊದಲ ಸಲ ನಿಶ್ಚಯ, ಎರಡನೆಯ ಸಲ ಅಂಗಲಾಚುವಿಕೆ. ನಟನು ಅಷ್ಟನ್ನು ಕೊಟ್ಟನು, ಧಾರಾವಾಹಿ ಕೊಡಲಿಲ್ಲ. ಮುಂದಿನ ಒಂದು ವರ್ಷದ ಕಂತುಗಳಲ್ಲಿ ಆ ಸುಳ್ಳು ಎಲ್ಲಿಯೂ ಬೆಳಕಿಗೆ ಬರುವುದಿಲ್ಲ. ರೋಮ್ಯುಲನ್ನರು ಯಾತಕ್ಕಾಗಿ ಸಾಯುತ್ತಿದ್ದೇವೆಂಬುದನ್ನು ಅರಿಯದೆಯೇ ಸಾಯುತ್ತಾರೆ. ಇದು ಬಲಿ, ಇದಕ್ಕೆ ಬೇರೆ ಹೆಸರಿಲ್ಲ. ಶುಕ್ರವಾರದ ಪಟ್ಟಿಯನ್ನು ಅಷ್ಟು ಆರ್ದ್ರವಾಗಿ ತೋರಿಸಿದ ಲೇಖಕರಿಗೆ, ಆ ಪಟ್ಟಿಯಿಂದ ಹೊರಗುಳಿದ ಸತ್ತವರ ಕಡೆಗೆ ಕ್ಯಾಮರಾ ತಿರುಗಿಸಬೇಕೆನ್ನಿಸಲಿಲ್ಲ.

ಪಟ್ಟಿಯ ಮಾತು ಬಂದುದರಿಂದ ವೀರಗಲ್ಲುಗಳನ್ನು ನೆನೆಯುವುದು ಅಪ್ರಸ್ತುತವಾಗದು. ವಿಕ್ರೋಳಿಯಿಂದ ಹೆಚ್ಚು ದೂರವಲ್ಲದ ಬೋರಿವಲಿಯ ಎಕ್ಸಾರಿನಲ್ಲಿ, ಶಿಲಾಹಾರರ ಕಾಲದವೆಂದು ಸಾಮಾನ್ಯವಾಗಿ ಎಣಿಸಲಾಗುವ ವೀರಗಲ್ಲುಗಳಿವೆ. ಅವುಗಳ ಮೇಲೆ ಸಾಲುಹುಟ್ಟುಗಳ ಹಡಗುಗಳು ಕಾದಾಡುತ್ತವೆ. ಮೇಲಣ ಪಟ್ಟಿಕೆಗಳಲ್ಲಿ ಮಡಿದವರು ಕೈಲಾಸಕ್ಕೆ ಸಾಗುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಂತೂ ಇನ್ನೂ ಉದಾರವಾದುದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನ ವೃತ್ತಾಂತದ ಜೊತೆಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಹೆಸರನ್ನೂ ಅದು ಕಲ್ಲಿನಲ್ಲಿ ಉಳಿಸಿದೆ. ಹತ್ತನೆಯ ಶತಮಾನದ ಕನ್ನಡಿಗನು ನಾಯಿಗೆ ಸಲ್ಲಿಸಿದ ಮರ್ಯಾದೆಯನ್ನು ಇಪ್ಪತ್ತನಾಲ್ಕನೆಯ ಶತಮಾನದ ಒಕ್ಕೂಟವು ರೋಮ್ಯುಲನ್ ಸೈನಿಕನಿಗೆ ಸಲ್ಲಿಸದೆ ಹೋಯಿತು.

ಬಲಿಗೂ ತ್ಯಾಗಕ್ಕೂ ಇರುವ ಅಂತರವನ್ನು ಧಾರಾವಾಹಿಯು ಅರಿಯದೆ ಇಲ್ಲ. ೧೯೯೭ರ ‘ರಾಕ್ಸ್ ಅಂಡ್ ಶೋಲ್ಸ್’ ಕಂತು ಅದಕ್ಕೆ ಸಾಕ್ಷಿ. ಕೀವನ್ ಎಂಬ ವೋರ್ಟಾ ತನ್ನ ಜೀವ ಉಳಿಸಿಕೊಳ್ಳಲು ತನ್ನ ಜೆಮ್ ಹಡಾರ್ ತುಕಡಿಯ ಆಕ್ರಮಣದ ನಕ್ಷೆಯನ್ನೇ ಸಿಸ್ಕೊನ ಕೈಗೆ ಕೊಡುತ್ತಾನೆ. ತುಕಡಿಯ ನಾಯಕ ರೆಮಾಟಕ್ಲಾನನಿಗೆ ಈ ದ್ರೋಹ ತಿಳಿದಿದೆ. ಶರಣಾಗಲು ಸಿಸ್ಕೊ ಅವಕಾಶವಿತ್ತರೂ ಅವನು ಒಲ್ಲೆನೆಂದು ಸಾವಿಗೆ ನಡೆಯುತ್ತಾನೆ. ತನ್ನ ಪ್ರಾಣ ಎಂದೂ ತನ್ನದಾಗಿರಲೇ ಇಲ್ಲವೆಂಬುದು ಅವನ ಭಾವನೆ. ಹಳಗನ್ನಡದ ವೇಳೆವಾಳಿ, ಜೋಳವಾಳಿಗಳನ್ನು ಬಲ್ಲವರಿಗೆ ಈ ಸ್ವರ ಅಪರಿಚಿತವಲ್ಲ. ಆದರೆ ಜೋಳದ ಋಣವನ್ನು ಹೊತ್ತ ವೀರನು ಅನ್ನವನ್ನು ಒಪ್ಪಿ ಉಂಡವನು. ಹುಟ್ಟುವ ಮೊದಲೇ ಋಣ ಹೊರಿಸಲ್ಪಟ್ಟವನನ್ನು ಏನೆಂದು ಕರೆಯಬೇಕು? ಉತ್ತರವನ್ನು ಲೇಖಕರು ಅದೇ ಕಂತಿನ ಇನ್ನೊಂದು ಎಳೆಯಲ್ಲಿ ಓರೆಯಾಗಿ ಕೊಡುತ್ತಾರೆ. ಶತ್ರುವಶವಾದ ಠಾಣ್ಯದಲ್ಲಿ ಬೇಜೋರಿನ ವೃದ್ಧ ಸಂನ್ಯಾಸಿನಿ ಯಾಸಿಮ್, ತನ್ನವರು ಸಾಮ್ರಾಜ್ಯದೊಡನೆ ಹೊಂದಿಕೊಂಡು ನಡೆಯುವುದನ್ನು ಪ್ರತಿಭಟಿಸಿ, ನೆರೆದ ಜನರ ಎದುರಿನಲ್ಲಿ ನೇಣುಹಾಕಿಕೊಳ್ಳುತ್ತಾಳೆ. ಹಿಂದೆ ಬಿಡುಗಡೆಯ ಹೋರಾಟದಲ್ಲಿ ಬಾಂಬು ಹಿಡಿದಿದ್ದ ಕೀರಾ, ಈಗ ಹೊತ್ತಿಗೆ ಸರಿಯಾಗಿ ಎದ್ದು, ಕಾಫಿ ಕುಡಿದು, ಶತ್ರುವಿನ ಕಚೇರಿಗೆ ನೌಕರಿಗೆಂಬಂತೆ ಹೋಗುತ್ತಿದ್ದವಳು, ಆ ದೇಹವನ್ನು ನೋಡಿದ ಮೇಲೆ ಕನ್ನಡಿಯಲ್ಲಿ ತನ್ನನ್ನೇ ನೋಡಲಾರದವಳಾಗುತ್ತಾಳೆ. ಒಂದು ಸಾವು ಆಜ್ಞೆಯದು, ಇನ್ನೊಂದು ಸ್ವಂತದ್ದು. ಎರಡನೆಯದನ್ನು ಮೆಚ್ಚಲೂ ಹಿಂಜರಿಕೆಯಾಗುತ್ತದೆ, ಮರೆಯಲೂ ಆಗುವುದಿಲ್ಲ.

ಕೊನೆಯ ವರ್ಷದ ಕಂತುಗಳು ಸಮಾನವಾಗಿಲ್ಲ. ಡುಕಾಟ್ ಮತ್ತು ಬೇಜೋರಿನ ಮಠಾಧಿಪತಿ ವಿನ್ ಇವರ ಭೂತಾರಾಧನೆಯ ಕಥೆ ಅಗ್ಗದ ಮಂತ್ರವಾದವೆನ್ನದೆ ವಿಧಿಯಿಲ್ಲ. ಆದರೆ ಆ ಗೊಂದಲದ ನಡುವೆ ಡಮಾರನ ಪಾತ್ರ ಬೆಳೆದಿರುವ ಬಗೆ ಅಪೂರ್ವ. ಇವನು ಕಾರ್ಡೇಸಿಯದ ಸಾಮಾನ್ಯ ಅಧಿಕಾರಿ; ನಿರಪರಾಧಿಯಾದ ಜಿಯಾಲ್ ಎಂಬ ಹುಡುಗಿಯನ್ನು ಗುಂಡಿಕ್ಕಿದವನು; ಡೊಮಿನಿಯನ್ನಿನ ಕೈಗೊಂಬೆಯಾಗಿ ದೇಶವನ್ನಾಳಿದವನು; ಕುಡುಕ. ತನ್ನ ಜನರನ್ನು ಯುದ್ಧದ ಉರುವಲಾಗಿ ಒಟ್ಟುತ್ತಿರುವುದನ್ನು ಕಂಡು ದಂಗೆಯೇಳುತ್ತಾನೆ. ಅದಕ್ಕೆ ಪ್ರತಿಯಾಗಿ ಅವನ ಹೆಂಡತಿ ಮಗುವನ್ನು ಕೊಲ್ಲಲಾಗುತ್ತದೆ. ನಿರಪರಾಧಿಗಳನ್ನು ಕೊಲ್ಲುವುದು ಎಂಥ ಆಡಳಿತವೆಂದು ಅವನು ಉದ್ಗರಿಸಿದಾಗ, ಐವತ್ತು ವರ್ಷ ಅದೇ ಆಡಳಿತವನ್ನು ಅವನ ಜನರಿಂದ ಅನುಭವಿಸಿದ ಕೀರಾ ಅದೇ ಪ್ರಶ್ನೆಯನ್ನು ಮೆಲ್ಲನೆ ಅವನಿಗೇ ಹಿಂದಿರುಗಿಸುತ್ತಾಳೆ. ಅವನು ಉತ್ತರ ಕೊಡದೆ ಹೊರಟುಹೋಗುತ್ತಾನೆ.

ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ಭೀಷ್ಮನ ಬಳಿಗೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರೂ ಕಾಲಿಗೆ ತೊಡರುತ್ತಾರೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನ ಮನಸ್ಸು ಬಾಗುತ್ತದೆ. ಆ ನಡಿಗೆಯಲ್ಲಿಯೇ ಪ್ರತಿನಾಯಕನು ಕಾವ್ಯದ ಕೇಂದ್ರಕ್ಕೆ ಬಂದುಬಿಡುವುದನ್ನು ಕನ್ನಡ ವಿಮರ್ಶಕರು ಬಿ. ಎಂ. ಶ್ರೀಕಂಠಯ್ಯನವರಿಂದೀಚೆಗೆ ಗುರುತಿಸುತ್ತ ಬಂದಿದ್ದಾರೆ. ಡಮಾರನಿಗೂ ಅಂಥದೊಂದು ನಡಿಗೆ ದೊರೆಯಿತು, ಆದರೆ ಮೊಟಕಾದದ್ದು. ಕೊನೆಯ ಕಂತಿನಲ್ಲಿ ಶತ್ರುವಿನ ಪಾಳೆಯಕ್ಕೆ ನುಗ್ಗುವಾಗ ಗುಂಡು ತಗುಲಿ ಬೀಳುತ್ತಾನೆ, ಉಳಿದವರು ಮುಂದೆ ಹೋಗುತ್ತಾರೆ. ದುರ್ಯೋಧನನಿಗೆ ತನ್ನವರ ಹೆಣಗಳನ್ನಾದರೂ ಒಂದೊಂದಾಗಿ ಗುರುತಿಸುವ ಬಿಡುವಿತ್ತು. ಕಾರ್ಡೇಸಿಯದಲ್ಲಿ ಆ ಹೊತ್ತಿಗೆ ಡೊಮಿನಿಯನ್ನು ಸುಟ್ಟುಹಾಕಿದ್ದು ಎಂಬತ್ತು ಕೋಟಿ ಜನರನ್ನು. ಗೆದ್ದ ಸೇನಾಪತಿಗಳು ಭಗ್ನವಾದ ರಾಜಧಾನಿಯಲ್ಲಿ ವಿಜಯದ ಪಾನಕ್ಕೆ ಬಟ್ಟಲೆತ್ತುತ್ತಾರೆ. ಸುತ್ತಲಿನ ಹೆಣಗಳನ್ನು ಕಂಡು ಸಿಸ್ಕೊ ಮತ್ತು ಅವನ ಜೊತೆಯ ಅಧಿಕಾರಿ ಕುಡಿಯದೆ ಬಟ್ಟಲನ್ನು ಬರಿದುಮಾಡುತ್ತಾರೆ. ಆ ಕಂತು ಅಮೆರಿಕದಲ್ಲಿ ಪ್ರಸಾರವಾದ ೧೯೯೯ರ ಜೂನ್ ಮೊದಲ ವಾರದಲ್ಲಿ ಕಾರ್ಗಿಲಿನ ಯುದ್ಧ ನಡೆಯುತ್ತಿತ್ತು. ಮುಂಬಯಿಯ ಮನೆಗಳ ಕಿರುತೆರೆಯ ಮೇಲೆ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು, ಒಂದೊಂದರ ಜೊತೆಗೆ ಒಂದೊಂದು ಹೆಸರು, ಊರು ಸೇರುತ್ತಿದ್ದವು.